ಜಾಲಿ ಬೀರಪ್ಪನಿಗೆ ಮಿಡತೆಯ ಹರಕೆ

ಮಹಾನವಮಿಗೆ ಮುಂಚಿನ ಅಮಾವಾಸ್ಯೆ ಕಳೆದು ಮೂರನೆಯ ದಿನ, ಸಂಜೆ ದೀಪ ಹಚ್ಚಲು ಹೋದ ಪೂಜಾರಿ ಲಗಮಪ್ಪನಿಗೆ ಜಾಲಿಮರದ ಮುಳ್ಳಿನಲ್ಲಿ ಒಂದು ಮಿಡತೆ ಕಂಡಿತು. ಗಾಳಿಗೆ ಹಾರಿಬಂದು ಸಿಕ್ಕಿಕೊಂಡದ್ದಲ್ಲ. ಕುತ್ತಿಗೆಯ ಹಿಂದೆ ಮುಳ್ಳು ಹೊಕ್ಕು, ತುದಿ ಈಚೆಗೆ ಬಂದಿತ್ತು. ಹಿಂಗಾಲೊಂದು ಇನ್ನೂ ಮೆಲ್ಲಗೆ ಮಿಡುಕುತ್ತಿತ್ತು.

ಲಗಮಪ್ಪ ಎಣ್ಣೆಯ ಗಿಂಡಿಯನ್ನು ಕಟ್ಟೆಯ ಮೇಲಿಟ್ಟು ಕೈ ಮುಗಿದ. ಮಿಡತೆಗಲ್ಲ, ಅದನ್ನು ಚುಚ್ಚಿ ಹೋದವರಿಗೆ.

ಅದು ಆ ಸೀಮೆಯ ಹಳೆಯ ಹರಕೆ. ಹಿಂಗಾರಿ ಜೋಳ ಗೇಣುದ್ದ ಏಳುವ ಹೊತ್ತಿಗೆ ರೈತ ತನ್ನ ಹೊಲದಲ್ಲಿ ಮೊದಲು ಕೈಗೆ ಸಿಕ್ಕ ಮಿಡತೆಯನ್ನು ಮುಷ್ಟಿಯಲ್ಲಿ ಹಿಡಿದು, ದಾರಿಯಲ್ಲಿ ಯಾರ ಜೊತೆಗೂ ಮಾತಾಡದೆ ಬೀರಪ್ಪನ ಜಾಲಿಗೆ ಬರುತ್ತಿದ್ದ. ಮುಳ್ಳಿಗೆ ಚುಚ್ಚಿ, "ಇದೊಂದು ನಿನ್ನ ಪಾಲು, ಉಳದಾವನ್ನ ನನ್ನ ಹೊಲದ ಕಡೆ ಬಿಡಬ್ಯಾಡ" ಎಂದು ಬೇಡಿಕೊಂಡು, ಬಂದ ಹಾಗೆಯೇ ಸುಮ್ಮನೆ ಹಿಂದಿರುಗುತ್ತಿದ್ದ. ಯಾರು ಚುಚ್ಚಿದರು ಎನ್ನುವುದು ಸುಗ್ಗಿಯವರೆಗೆ ಗುಟ್ಟು. ರಾಶಿಯಾದ ಮೇಲೆ ಐದು ತೆನೆ ತಂದು ಕಟ್ಟೆಯ ಮೇಲಿಟ್ಟಾಗ ಹರಕೆ ಇಳಿಯುತ್ತಿತ್ತು, ಪೂಜಾರಿಗೂ ಆಗಲೇ ಹೆಸರು ತಿಳಿಯುತ್ತಿತ್ತು. ಲಗಮಪ್ಪನ ತಂದೆಯ ಕಾಲದಲ್ಲಿ ಈ ದಿನಗಳಲ್ಲಿ ಆ ಮರದ ಕೆಳಗಿನ ಟೊಂಗೆಗಳಲ್ಲಿ ಬರಿದಾದ ಮುಳ್ಳು ಹುಡುಕಬೇಕಾಗುತ್ತಿತ್ತಂತೆ. ಆಮೇಲೆ ಬೆಳೆಗೆ ಹುಳ ಸಾಯಿಸುವ ಎಣ್ಣೆ ಹೊಡೆಯುವ ಪಂಪು ಬಂತು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಅರ್ಧ ದಿನ ಓಡಾಡಿದರೆ ಮಿಡತೆಯ ಕಾಟ ಮುಗಿಯುತ್ತಿತ್ತು. ಕೊನೆಯ ಮಿಡತೆ ಚುಚ್ಚಿದವನು ಭರಮು ಎಂಬ ಮುದುಕ. ಅವನು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಗುಡಿ ಎಂದರೆ ಅಲ್ಲಿ ಗುಡಿಯೇನೂ ಇರಲಿಲ್ಲ. ತೆಲಸಂಗದ ಕಡೆಯ ಎರೆಹೊಲಗಳ ನಡುವೆ ಮೊಳಕಾಲೆತ್ತರದ ಕಟ್ಟೆ, ಅದರ ಮೇಲೆ ತಲೆಮಾರುಗಳ ಭಂಡಾರದ ಅರಿಷಿಣ ಮೆತ್ತಿ ಹಳದಿಯಾದ ದುಂಡುಗಲ್ಲು, ಹಿಂದೆ ಜಾಲಿಮರ. ಕುರಿ ಕಾಯುವವರ ದೇವರು. ಕುರಿಗಳು ಕಡಿಮೆಯಾಗಿ, ಹೊಲಗಳು ದ್ರಾಕ್ಷಿ ಪಡಗಳಾಗಿ, ದೇವರಿಗೆ ಎಂಟು ಗುಂಟೆ ನೆಲ ಮತ್ತು ಒಬ್ಬ ಪೂಜಾರಿ ಉಳಿದಿದ್ದರು. ಆ ಪೂಜಾರಿಗೆ ನಾಲ್ಕು ಕುರಿ, ಕಟ್ಟೆಯಿಂದ ನೂರು ಹೆಜ್ಜೆಯಲ್ಲಿ ಒಂದು ತಗಡಿನ ಮನೆ. ಹೆಂಡತಿ ಸಾವಿತ್ರೆವ್ವ ತೀರಿಹೋಗಿ ಒಂಬತ್ತು ವರ್ಷ. ಬೆಳಗ್ಗೆ ದೇವರಿಗೆ ನೀರು, ಹಗಲೆಲ್ಲ ಹಳ್ಳದ ದಂಡೆಯಲ್ಲಿ ಕುರಿ, ಸಂಜೆ ದೀಪ. ನಡುವೆ ಒಂದು ಮಾತೂ ಆಡದೆ ಮುಗಿದುಹೋದ ದಿನಗಳಿದ್ದವು. ಅಂಥ ದಿನ ಮಲಗುವ ಮುಂಚೆ ಅವನು ಒಮ್ಮೆ ಕೆಮ್ಮಿ ತನ್ನ ದನಿ ಇದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದ.

ಮರುದಿನ ಅವನು ಕಟ್ಟೆಗೆ ಸುಣ್ಣ ಬಳಿದ. ಯಾರೋ ಬರುತ್ತಿದ್ದಾರೆಂದರೆ ಹೊಲಸಾಗಿ ಇಡಲಾಗುತ್ತದೆಯೇ? ಕುಡಿಯುವ ನೀರಿನ ತಂಬಿಗೆಯೊಂದನ್ನು ಮುಚ್ಚಿಟ್ಟ. ಕೊಬ್ಬರಿಯ ಚೂರೊಂದನ್ನು ಕಲ್ಲಿನ ಪಕ್ಕ ಇಟ್ಟು ಕುರಿ ಹೊಡೆದುಕೊಂಡು ಹೋದ. ಸಂಜೆ ಬಂದಾಗ ಕೊಬ್ಬರಿ ಇರಲಿಲ್ಲ. ಮುಳ್ಳಿಗೆ ಇನ್ನೊಂದು ಮಿಡತೆ ಬಂದಿತ್ತು.

ಆ ವಾರವೇ ಮುರಗೆಪ್ಪ ಬೈಕ್ ಏರಿ ಬಂದ. ಸುತ್ತಲಿನ ದ್ರಾಕ್ಷಿ ಪಡ ಅವನದೇ. ಊರ ಪಂಚರಲ್ಲಿ ಅವನದೇ ಕೊನೆಯ ಮಾತು. ಸಣ್ಣವರಿದ್ದಾಗ ಇಬ್ಬರೂ ಒಂದೇ ಹಳ್ಳದಲ್ಲಿ ಈಜು ಕಲಿತವರು.

"ಬರ್ರಿ ಅಣ್ಣಾರ. ಛಾಟಣಿ ಮುಗೀತೇನ್ರಿ?" ಎಂದ ಲಗಮಪ್ಪ.

"ಎಲ್ಲಿ ಮುಗೀತೈತಿ? ಬಳ್ಳಿ ಕತ್ತರಸಾಕ ಆಳು ಸಿಗವಲ್ವು. ನಿನ್ನ ದೇವರಿಗೆ ಹೇಳಿ ನಾಕ ಆಳು ಕೊಡಸು."

"ಅಂವಾ ಕುರಿ ಕೊಡಸ್ತಾನ್ರಿ. ಆಳು ಕೊಡಸೂದು ಅವನ ಕಡೆ ಇಲ್ಲ."

ಮುರಗೆಪ್ಪ ನಕ್ಕು ಕಟ್ಟೆಯ ಅಂಚಿಗೆ ಕುಳಿತ. ಆಮೇಲೆ, "ಪಂಚರು ಮಾತಾಡೇವಿ, ಲಗಮಾ" ಎಂದ. "ಊರಾಗ ಹೊಸ ಗುಡಿ ಆತಲ್ಲ. ಅಡವ್ಯಾಗಿನ ದೇವರನ್ನೆಲ್ಲ ಅಲ್ಲೇ ಕೂಡಸೂದು ಅಂತ. ದೀಪಾವಳಿ ಪಾಡ್ಯಾದ ದಿನ ಬೀರಪ್ಪನ್ನ ಒಯ್ತೀವಿ."

"ಇಲ್ಲೇನ ಕಡಿಮಿ ಆಗೇತ್ರಿ ಅವಗ?"

"ಮಂದಿ ಕಡಿಮಿ ಆಗೇತಿ. ಯಾರ ಬರ್ತಾರ ಹೇಳು ಇಲ್ಲಿಗೆ? ದಾರಿ ತಪ್ಪಿದ ನಾಯಿ ಸುದ್ದಾ ಬರಂಗಿಲ್ಲ."

"ನಾ ಬರ್ತೇನಲ್ರಿ."

"ನೀ ಪೂಜಾರಿ. ನೀ ಲೆಕ್ಕಕ್ಕಿಲ್ಲ. ಅಲ್ಲಿ ಪಾಳಿ ಪ್ರಕಾರ ಪೂಜಿ ಆಗತೈತಿ, ಫರಸಿ ಹಾಸಿದ ನೆಲಾ ಐತಿ, ಫ್ಯಾನ್ ಐತಿ. ನಿನಗೂ ವಯಸ್ಸಾತು. ಮಳ್ಯಾಗ ಜಾರಿ ಬಿದ್ದಿ ಅಂದ್ರ ಎತ್ತಾಕ ಯಾರದಾರ?"

ಅವನ ದನಿಯಲ್ಲಿ ಕೆಡುಕು ಇರಲಿಲ್ಲ. ಅದಕ್ಕೇ ಲಗಮಪ್ಪನಿಗೆ ಸಿಟ್ಟು ಮಾಡಲು ಆಗಲಿಲ್ಲ. ದೇವರು ಊರೊಳಗೆ ಹೋದರೆ ತನಗೆ ಬೆಳಗ್ಗೆ ಎದ್ದು ಹೋಗುವ ಜಾಗವೇ ಇರುವುದಿಲ್ಲ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲೂ ಇಲ್ಲ. ಇಷ್ಟು ಕೇಳಿದ:

"ಹರಕಿ ತೂಗಾಡೂ ದೇವರನ್ನ ಎಬ್ಬಸಾಕ ಬರತೈತೇನ್ರಿ?"

"ಅದ್ಹೆಂಗ ಬರತೈತಿ? ಹರಕಿ ಇಳಿಯೂತನಕ ದೇವರು ಕುಂತಲ್ಲೇ ಕುಂದರಬೇಕು. ನಮ್ಮಪ್ಪನೂ ಹೇಳತಿದ್ದ. ಆದ್ರ ಹರಕಿ ಹೊತ್ತಾವ ಯಾರದಾನ ಈಗ?"

ಲಗಮಪ್ಪ ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಆ ಹೊತ್ತಿಗೆ ಮುಳ್ಳಿನಲ್ಲಿ ನಾಲ್ಕಾಗಿದ್ದವು. ಮುರಗೆಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಅವನ ಕೈ ತಾನಾಗಿಯೇ ಎದ್ದು ಗಲ್ಲಕ್ಕೆ ಬಡಿದುಕೊಂಡಿತು.

"ಯಾರು?"

"ಗುಟ್ಟಲ್ರಿ ಅದು."

"ನನಗ ಒಪ್ಪಿಗಿ. ಪಂಚರು ಒಪ್ಪಬೇಕಲ್ಲ? ಪೂಜಾರಿನ ಚುಚ್ಚ್ಯಾನ ಅಂತಾರ. ಹೆಸರು ತಿಳಕೊಂಡು ಬಂದು ನನ್ನ ಒಬ್ಬನ ಕಿವ್ಯಾಗ ಹೇಳು, ಸಾಕು. ಪಾಡ್ಯಾದೊಳಗ."

ಹೀಗೆ ಲಗಮಪ್ಪ ತನ್ನ ಭಕ್ತನನ್ನು ಹುಡುಕತೊಡಗಿದ. ಮಿಡತೆ ಬರುತ್ತಿದ್ದುದು ಹಗಲು ಹೊತ್ತಿನಲ್ಲಿ, ಅವನು ಹಳ್ಳದ ಕಡೆ ಇದ್ದಾಗ. ಮೊದಲು ಪಕ್ಕದ ಹೊಲದ ನಾಮದೇವನ ಮೇಲೆ ಅನುಮಾನ ಬಂತು. ಹೋಗಿ ಸುತ್ತಿ ಬಳಸಿ ಕೇಳಿದಾಗ ನಾಮದೇವ, "ಮಿಡಚಿ ಹಿಡ್ಯಾಕ ನನಗ ಪುರಸತ್ತ ಎಲ್ಲೈತಿ ಲಗಮಣ್ಣ? ನನ್ನ ಹೆಂಡತಿ ನನ್ನನ್ನ ಹಿಡದ ಕೂಡಿಸ್ಯಾಳ" ಎಂದು ನಕ್ಕ. ಮರುದಿನ ಬೆಳಗ್ಗೆ ಲಗಮಪ್ಪ ಮರದ ಸುತ್ತ ನೆಲ ಗುಡಿಸಿ, ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ ಹೋದ. ಸಂಜೆ ಬೂದಿ ಬೂದಿಯಾಗಿಯೇ ಇತ್ತು. ಒಂದು ಹೆಜ್ಜೆಯಿಲ್ಲ. ಮುಳ್ಳಿಗೆ ಮಾತ್ರ ಐದನೆಯ ಮಿಡತೆ ಬಂದಿತ್ತು.

ಆ ಸಂಜೆ ಅವನು ದೀಪದ ಮುಂದೆ ಬಹಳ ಹೊತ್ತು ಕುಳಿತ. ನೆಲಕ್ಕೆ ಕಾಲು ತಾಗಿಸದೆ ಬರುವವರು ಯಾರು ಎಂದು ಯೋಚಿಸಿದ. ದೇವರುಗಳ, ಸಂತರ ದೊಡ್ಡ ದೊಡ್ಡ ಹೆಸರುಗಳು ಮನಸ್ಸಿಗೆ ಬಂದವು. ಅಂಥವರು ಬರುವಷ್ಟು ಪುಣ್ಯ ತಾನು ಮಾಡಿಲ್ಲ ಎಂದುಕೊಂಡು ಒಂದೊಂದನ್ನೇ ಬಿಟ್ಟ.

ಪಾಡ್ಯಕ್ಕೆ ಒಂಬತ್ತು ದಿನವಿದ್ದಾಗ ರೂಪಾಲಿ ಬಂದಳು. ಕುರಿಗಳಿಗೆ ಚುಚ್ಚುಮದ್ದು ಹಾಕುವ ಸರಕಾರಿ ಇಲಾಖೆಯವಳು. ನಿಪ್ಪಾಣಿಯ ಹುಡುಗಿ, ಸ್ಕೂಟಿಯ ಮೇಲೆ ಹೊಲಹೊಲ ತಿರುಗುತ್ತಿದ್ದಳು. ಕೊರಳಲ್ಲಿ ಯಾವಾಗಲೂ ಒಂದು ದುರ್ಬೀನು. ನಾಲ್ಕು ಕುರಿಗೂ ಚುಚ್ಚಿ, ಕೈ ತೊಳೆಯಲು ಮರದ ಹಿಂದೆ ಹೋದವಳು ಅಲ್ಲಿಯೇ ನಿಂತಳು.

"ಅಜ್ಜಾರ, ಇಲ್ಲಿ ಬರ್ರಿ. ಇದನ್ನ ನೋಡೀರೇನು?"

ಮಿಡತೆಗಳ ಪಕ್ಕದ ಮುಳ್ಳಿಗೆ ಅಂದು ಒಂದು ಮರಿ ಓತಿಕ್ಯಾತ ತೂಗುತ್ತಿತ್ತು. ಲಗಮಪ್ಪ ಗಾಬರಿಯಾದ. ಹರಕೆಗೆ ಓತಿಕ್ಯಾತ ಯಾರೂ ತರುವುದಿಲ್ಲ.

"ಯಾರೋ ತಿಳೀದವರು ತಂದಾರ್ರಿ, ಬಾಯಾರ" ಎಂದ. "ಹೊಸಬರು ಇರಬೇಕು. ಮಿಡಚಿ ಅಷ್ಟ ತರೂದು ಪದ್ಧತಿ."

ರೂಪಾಲಿ ಅವನ ಮುಖ ನೋಡಿ, ನಗು ಬರುತ್ತಿದ್ದರೂ ನಗಲಿಲ್ಲ. "ಯಾರ ತಂದಾರ ಅಂತ ಮಾಡೀರಿ ನೀವು?"

ಅವನು ಹರಕೆಯ ಕಥೆಯನ್ನೆಲ್ಲ ಹೇಳಿದ. ಬೂದಿ ಹರಡಿದ್ದನ್ನೂ ಹೇಳಿದ. ಅವಳು ಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿದಳು. ಆಮೇಲೆ ನಿಧಾನವಾಗಿ, "ಅಜ್ಜಾರ, ಬೂದಿ ಮ್ಯಾಲೆ ಹೆಜ್ಜಿ ಬೀಳಂಗಿಲ್ಲ. ಅದು ಹಕ್ಕಿ" ಎಂದಳು. "ಕೀಚುಗ ಅಂತಾರ. ಹಿಡದದ್ದನ್ನ ಮುಳ್ಳಿಗೆ ಚುಚ್ಚಿ ಇಡತೈತಿ, ಆಮ್ಯಾಲೆ ಬಂದು ತಿಂತೈತಿ."

"ಹಕ್ಕಿಗೆ ಹರಕಿ ಎಲ್ಲಿಂದ ಬಂತವ್ವಾ?"

"ಹರಕಿ ಅಲ್ರಿ. ಬುತ್ತಿ."

ಲಗಮಪ್ಪ ತಲೆಯಾಡಿಸಿದ. ಒಪ್ಪಿಕೊಂಡದ್ದಕ್ಕಲ್ಲ. ರೂಪಾಲಿ ವಾದ ಮಾಡಲಿಲ್ಲ. ತಗಡಿನ ಮನೆಯ ನೆರಳಿಗೆ ಅವನನ್ನು ಕರೆದೊಯ್ದು ದುರ್ಬೀನನ್ನು ಕೈಗೆ ಕೊಟ್ಟು, ತಿರುಪು ತಿರುಗಿಸುವುದನ್ನು ಕಲಿಸಿದಳು. ಇಬ್ಬರೂ ಗೋಡೆಗೆ ಒರಗಿ ಕುಳಿತರು. ಅರ್ಧ ಗಂಟೆ ಏನೂ ಆಗಲಿಲ್ಲ.

ಆಮೇಲೆ ಜಾಲಿಯ ಹೊರಟೊಂಗೆಯ ತುದಿಗೆ ಒಂದು ಹಕ್ಕಿ ಬಂದು ಕುಳಿತಿತು. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಸಣ್ಣದು.

"ಇದನ್ನ ನಾ ನೋಡೇನ್ರಿ" ಎಂದ ಲಗಮಪ್ಪ ಸ್ವಲ್ಪ ಸಪ್ಪೆಯಾಗಿ. "ಹೋದ ವರ್ಷ ಮುರಗೆಪ್ಪಣ್ಣಾರ ಬಾರಿಹಣ್ಣಿನ ಮುಳ್ಳಕಂಟ್ಯಾಗ ಇತ್ತು."

"ಆ ಕಂಟಿ ಈಗ ಐತೇನ್ರಿ?"

"ಎಲ್ಲೈತಿ? ಹೊಸ ಪಡ ಹಚ್ಚಾಕ ಜೆಸಿಬಿ ತಂದು ಕಿತ್ತ ಒಗದಾರ."

"ಅದಕ್ಕ ನಿಮ್ಮ ದೇವರ ಕಡೆ ಬಂದೈತಿ." ಅವಳು ಮುಂದಕ್ಕೆ ಬಗ್ಗಿದಳು. "ಈಗ ನೀವ ಹೇಳ್ರಿ. ಬೆನ್ನು ಯಾವ ಬಣ್ಣ? ಇಲ್ಲೇ ಮನಿ ಮಾಡಕೊಂಡಿರೂ ಕೀಚುಗಾನೂ ಐತಿ ಈ ಕಡೆ. ಅದಕ್ಕ ತಲಿ ಬೂದು, ಬೆನ್ನು ಕಡು ಕೆಂಪು, ಬಾಲ ಕರೀದು. ಹಾರಿದಾಗ ರೆಕ್ಕ್ಯಾಗ ಬಿಳೀ ಮಚ್ಚಿ ಕಾಣತೈತಿ."

"ತಲಿ ಬೂದು ಇಲ್ರಿ. ತಲಿ, ಬೆನ್ನು, ಬಾಲ ಎಲ್ಲಾ ಒಂದ ನಮೂನಿ. ಕರೀ ಕಂಬಳಿ ಹಳೇದಾಗಿ ಬಿಸಲಿಗೆ ಕೆಂಪಗ ಆಗತೈತಲ್ರಿ, ಹಂಗ. ಹೊಟ್ಟಿ ಕೆನಿ ಬಣ್ಣ. ಕಣ್ಣಿಂದ ಕಿವೀತನಕ ಕಾಡಗಿ ಎಳದಂಗ ಐತಿ. ಅದರ ಮ್ಯಾಲೆ ಬಿಳೀ ಗೆರಿ, ವಿಭೂತಿ ಹಚ್ಚಿದಂಗ."

"ರೆಕ್ಕ್ಯಾಗ ಬಿಳೀ ಮಚ್ಚಿ?"

ಹಕ್ಕಿ ಅಷ್ಟರಲ್ಲಿ ಟೊಂಗೆಯಿಂದ ನೆಲಕ್ಕೆ ಇಳಿದು ಮತ್ತೆ ಮೇಲೇರಿತು. ಲಗಮಪ್ಪ ಉಸಿರು ಹಿಡಿದು ನೋಡಿದ. "ಇಲ್ರಿ. ಏನೂ ಇಲ್ಲ."

"ಯಾವಾಗ ಬಂತು ಇದು?"

"ಅಮಾಸಿ ಹಿಂದಿನ ದಿನಾ ಕಿರಚಾಕತ್ತಿತ್ತು. ಇಂಥಾದ ಇನ್ನೊಂದು ಬಂದಿತ್ತು. ಮೂರ ದಿನಾ ಜಗಳ ಆಡಿ ಅದನ್ನ ಓಡಿಸ್ತು."

"ಹಂಗಾದ್ರ ಕಂದು ಕೀಚುಗಾನ" ಎಂದಳು ರೂಪಾಲಿ. "ನಮ್ಮ ದೇಶದ್ದಲ್ರಿ ಇದು. ಹಿಮಾಲಯದ ಆಚೆ, ಮಂಗೋಲಿಯಾ, ಸೈಬೀರಿಯಾ ಅಂತಾರ, ಅಲ್ಲಿ ಮರಿ ಮಾಡತೈತಿ. ಥಂಡಿ ಬೀಳೂಕಿಂತ ಮೊದಲ ಈ ಕಡೆ ಬರತೈತಿ. ಯುಗಾದಿ ಆಸುಪಾಸು ಹೊಳ್ಳಿ ಹೋಗತೈತಿ. ಹೋದ ವರ್ಷದ ಜಾಗಾಕ್ಕ ಬರತೈತಿ, ತಪ್ಪಂಗಿಲ್ಲ."

"ಅಷ್ಟ ದೂರಿಂದ ಯಾರ ಜೋಡಿ ಬರತೈತ್ರಿ?"

"ಯಾರ ಜೋಡೀನೂ ಇಲ್ರಿ. ಒಂದ ಬರತೈತಿ, ಕತ್ತಲದಾಗ ಹಾರಿ. ಮರಿಗೆ ದಾರಿ ಸುದ್ದಾ ಯಾರೂ ತೋರಸಂಗಿಲ್ಲ."

"ಇಲ್ಲೂ ಒಂದ ಇರತೈತಿ?"

"ಒಂದ. ಇನ್ನೊಂದು ಬಂದ್ರ ಓಡಸತೈತಿ. ನೀವ ನೋಡೀರಲ್ಲ?"

ಲಗಮಪ್ಪ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಹಕ್ಕಿ ಬಾಯಲ್ಲಿದ್ದ ಮಿಡತೆಯನ್ನು ಟೊಂಗೆಗೆ ಎರಡು ಸಲ ಬಡಿದು, ಮುಳ್ಳಿನ ಹತ್ತಿರ ಜಿಗಿದು, ಕುತ್ತಿಗೆಯ ಹಿಂಭಾಗವನ್ನೇ ಮುಳ್ಳಿಗೆ ತಂದು ಕೆಳಕ್ಕೆ ಎಳೆಯಿತು. ಒಂದೇ ಎಳೆತ. ಗಿಡುಗನ ಹಾಗೆ ಕಾಲಲ್ಲಿ ಅದುಮಿ ಹರಿದು ತಿನ್ನುವ ಬಲ ಅದಕ್ಕಿಲ್ಲವೆಂದು, ಮುಳ್ಳು ಹಿಡಿದುಕೊಂಡರೆ ಅದು ಹರಿಯುತ್ತದೆಂದು ರೂಪಾಲಿ ಹೇಳಿದಳು. ಅವನಿಗೆ ಅರ್ಧ ಕೇಳಿಸಿತು. ಅವಳು ಹೊರಡುವಾಗ ದುರ್ಬೀನನ್ನು ಹಿಂದಿರುಗಿಸಿ, "ಹೇಳಿದ್ದು ಛಲೋ ಆತವ್ವಾ" ಎಂದ. ಸ್ಕೂಟಿಯ ಸದ್ದು ಅಡಗಿದ ಮೇಲೆ ಕಟ್ಟೆಗೆ ಹೋಗಿ, ಮುಚ್ಚಿಟ್ಟಿದ್ದ ತಂಬಿಗೆಯ ನೀರನ್ನು ಮರದ ಬುಡಕ್ಕೆ ಚೆಲ್ಲಿದ. ಅಂದಿನ ಕೊಬ್ಬರಿಯನ್ನು ಯಾವ ಅಳಿಲು ಒಯ್ದಿತ್ತೋ ಏನೋ.

ಆಮೇಲಿನ ನಾಲ್ಕು ದಿನ ಅವನು ಕುರಿಗಳನ್ನು ಹಳ್ಳಕ್ಕೆ ಹೊಡೆಯಲಿಲ್ಲ. ಅಲ್ಲಿಯೇ ಮೇಯಲು ಬಿಟ್ಟು ಹಕ್ಕಿಯನ್ನು ನೋಡುತ್ತ ಕುಳಿತ. ಅದು ಅಟ್ಟಿಸಿಕೊಂಡು ಹೋಗುವುದಿಲ್ಲ ಎನ್ನುವುದು ಅವನಿಗೆ ತಿಳಿಯಿತು. ಮಿಡತೆ ಹಾರಿದ ಕಡೆ ಹಾರುವುದಿಲ್ಲ. ಒಂದು ಕಡೆ ಕುಳಿತು, ಬಾಲವನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸುತ್ತ, ನೆಲವನ್ನು ನೋಡುತ್ತಲೇ ಇರುತ್ತದೆ. ಹುಲ್ಲಿನಲ್ಲಿ ಏನಾದರೂ ಅಲುಗಿದರೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಸಿಗದಿದ್ದರೆ ಅದೇ ಟೊಂಗೆಗೆ ಬಂದು ಮತ್ತೆ ಕುಳಿತುಕೊಳ್ಳುತ್ತದೆ. ನಮ್ಮ ಹಿರಿಯರು ಇದನ್ನು ನೋಡಿಯೇ ಹರಕೆ ಕಲಿತರೋ ಏನೋ ಎಂದು ಒಮ್ಮೆ ಅನ್ನಿಸಿತು. ಅವರೂ ಒಬ್ಬೊಬ್ಬರೇ ಬರುತ್ತಿದ್ದರು, ಮಾತಿಲ್ಲದೆ ಬರುತ್ತಿದ್ದರು. ಬಹಳ ಯೋಚಿಸಿದರೂ ಅದು ಬಗೆಹರಿಯಲಿಲ್ಲ. ಬಗೆಹರಿದದ್ದು ಒಂದೇ. ತನ್ನ ದೇವರಿಗೆ ಈ ವರ್ಷ ಯಾರೂ ಬಂದಿಲ್ಲ.

ಐದನೆಯ ದಿನ ಮುರಗೆಪ್ಪನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಕ್ಕಿ ಹೇಗೆ ಕುತ್ತಿಗೆಯ ಹಿಂದೆಯೇ ಚುಚ್ಚುತ್ತದೆ, ಒಂದೇ ಎಳೆತಕ್ಕೆ ಹೇಗೆ ಕೂರಿಸುತ್ತದೆ ಎಂಬುದನ್ನೂ ಬೆರಳಿನಲ್ಲಿ ತೋರಿಸಿದ. ಮುರಗೆಪ್ಪ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, ಎದುರಿಗಿದ್ದವನ ಮುಖ ನೋಡಿ ನಿಲ್ಲಿಸಿದ.

"ನಾನೂ ಗಲ್ಲಾ ಬಡಕೊಂಡ್ನಲ್ಲೋ ಮಾರಾಯಾ" ಎಂದ. "ಆತು ಬಿಡು. ಪಾಡ್ಯಾದ ದಿನ ಮುಂಜಾನೆ ಟ್ರ್ಯಾಕ್ಟರ್ ತರ್ತೀವಿ."

ಮುರಗೆಪ್ಪನ ಹೆಂಡತಿ ರುಕ್ಮವ್ವ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಗಂಡ ಫೋನ್ ಬಂದು ಹೊರಗೆ ಹೋದಾಗ ಮೆಲ್ಲಗೆ, "ನನ್ನ ಹೆಸರ ಹೇಳ್ರಿ" ಎಂದಳು. "ಹೆಂಗಸರ ಹರಕಿ ಇರಬಾರದು ಅಂತ ಏನಿಲ್ಲಲ್ಲ. ನಾನ ಚುಚ್ಚೀನಿ ಅಂತೇನಿ. ಇವರೇನ ನನ್ನ ಕೇಳಾಕ ಬರ್ತಾರ?"

ಲಗಮಪ್ಪ ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ನೀವು ಅಂದದ್ದ ದೊಡ್ಡದು, ಅಕ್ಕಾರ" ಎಂದ. "ಆದ್ರ ಅವಗ ಗೊತ್ತಾಗತೈತ್ರಿ. ಸುಳ್ಳ ಹರಕಿ ಹಾಕಿ ಅವನ್ನ ಕಟ್ಟಿ ಹಾಕೂದು ಬ್ಯಾಡ."

ದಾರಿಯುದ್ದಕ್ಕೂ ಅವನು ಮುರಗೆಪ್ಪ ಅಂದಿದ್ದ ಒಂದು ಮಾತನ್ನೇ ಮೆಲುಕು ಹಾಕಿದ. ನೀ ಪೂಜಾರಿ, ನೀ ಲೆಕ್ಕಕ್ಕಿಲ್ಲ. ಅದು ನಿಜವೇ. ಅವನ ವಂಶದಲ್ಲಿ ಯಾರೂ ಮಿಡತೆ ಚುಚ್ಚಿದವರಲ್ಲ. ಬೇರೆಯವರ ಹರಕೆಗೆ ಗಂಟೆ ಬಾರಿಸುವವನು ತನಗಾಗಿ ಬೇಡುವ ಹಾಗಿಲ್ಲ.

ಪಾಡ್ಯದ ಹಿಂದಿನ ದಿನ ಬೆಳಗ್ಗೆ, ಇನ್ನೂ ಹಾಲು ಕರೆಯುವ ಹೊತ್ತು, ಅವನು ಮತ್ತೆ ಆ ಮನೆಯ ಕಟ್ಟೆಗೆ ಬಂದ. ಹೆಗಲ ಮೇಲಿನ ಭಂಡಾರದ ಚೀಲವನ್ನೂ ಗಂಟೆಯನ್ನೂ ಮುರಗೆಪ್ಪನ ಮುಂದೆ ಇಟ್ಟ.

"ಇದ್ಯಾಕೋ?"

"ನಾ ಪೂಜಾರಿಕಿ ಬಿಟ್ಟೆನ್ರಿ. ಇನ್ನ ಮುಂದ ನೀವ ನೋಡಕೋರಿ."

"ಸಿಟ್ಟಾದೇನೋ ಲಗಮಾ? ಊರಾಗ ನಿನಗೂ ಒಂದ ಪಾಳಿ ಇಟ್ಟೇವಿ."

"ಸಿಟ್ಟ ಇಲ್ರಿ."

ಅಷ್ಟು ಹೇಳಿ ಎದ್ದು ಬಂದ. ಹೆಗಲು ಹಗುರವಾಗಿತ್ತು, ಹಗುರವಾದದ್ದು ಹಿತವಾಗಿರಲಿಲ್ಲ. ನಡೆಯುವಾಗ ಕೈ ಹತ್ತು ಸಲ ಚೀಲ ಇಲ್ಲದ ಕಡೆಗೆ ಹೋಯಿತು.

ದೇವರ ಎಂಟು ಗುಂಟೆಯಲ್ಲಿ ಅವನೇ ಬಿತ್ತಿದ ಜೋಳ ಗೇಣು ದಾಟಿತ್ತು. ಅವನು ಅದರೊಳಗೆ ಇಳಿದ. ಅರವತ್ತೈದು ವರ್ಷದ ಮೈ. ಮೊದಲು ಕಂಡ ಮಿಡತೆಯ ಮೇಲೆ ಬಗ್ಗಿದಾಗ ಅದು ಎರಡು ಸಾಲು ಆಚೆ ಹಾರಿತು. ಎರಡನೆಯದರ ಹಿಂದೆ ಹೋಗಿ ಮುಗ್ಗರಿಸಿದ. ಮೂರನೆಯದು ಕೈಗೆ ಸಿಕ್ಕು ಕಾಲೊಂದನ್ನು ಬೆರಳಲ್ಲಿ ಬಿಟ್ಟು ಪಾರಾಯಿತು. ಏದುಸಿರು ಬಿಡುತ್ತ ನಿಂತಾಗ ಜಾಲಿಯ ತುದಿಯಲ್ಲಿ ಆ ಹಕ್ಕಿ ಕುಳಿತಿರುವುದು ಕಂಡಿತು. ಅದು ಅವನ ಕಡೆ ನೋಡುತ್ತಿರಲಿಲ್ಲ. ನೆಲ ನೋಡುತ್ತಿತ್ತು.

ಲಗಮಪ್ಪ ಸಾಲಿನ ನಡುವೆ ಕುಕ್ಕರಗಾಲಿನಲ್ಲಿ ಕುಳಿತ. ಕೈಗಳನ್ನು ಮೊಳಕಾಲ ಮೇಲಿಟ್ಟುಕೊಂಡು ಅಲುಗದೆ ಕುಳಿತ. ಬಿಸಿಲು ಹೆಗಲಿನಿಂದ ನೆತ್ತಿಗೆ ಏರಿತು. ಮೊಳಕಾಲು ಉರಿದು, ಆಮೇಲೆ ಜೋಮು ಹಿಡಿದು, ಆಮೇಲೆ ಅವನದೇ ಅಲ್ಲವೆಂಬಂತೆ ಆಯಿತು. ಇರುವೆಗಳು ಪಾದ ಹತ್ತಿ ಇಳಿದವು. ಇಷ್ಟು ವರ್ಷ ಒಬ್ಬನೇ ಕುಳಿತಿದ್ದಾನೆ, ಆದರೆ ಏನನ್ನಾದರೂ ಬಯಸಿ ಕುಳಿತದ್ದು ಇದೇ ಮೊದಲು. ನೆತ್ತಿಯ ಹೊತ್ತು ಹೊರಳುವಾಗ ಒಂದು ಹಸಿರು ಮಿಡತೆ ಎಲೆಯಿಂದ ಜಾರಿ ಅವನ ಧೋತರದ ಅಂಚಿಗೆ ಬಂದು ಕುಳಿತಿತು. ಅವನ ಕೈ ಬಿತ್ತು.

ಮುಷ್ಟಿಯೊಳಗೆ ಅದು ಒದೆಯುತ್ತಿತ್ತು. ಕುಂಟುತ್ತ ಬದುವಿನ ಮೇಲೆ ಬರುವಾಗ ನಾಮದೇವ ತನ್ನ ಹೊಲದಿಂದ ಕೂಗಿದ: "ಏ ಲಗಮಣ್ಣ, ಹೊಲದಾಗ ಏನ ಕಳಕೊಂಡಿ?"

ಲಗಮಪ್ಪ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

"ಕಿವಿ ಹೋದುವೇನೋ? ಮಾತಾಡಿದ್ರ ಮುತ್ತ ಉದರತಾವೇನು?"

ಅವನು ತಲೆ ತಗ್ಗಿಸಿಕೊಂಡು ಮುಂದೆ ನಡೆದ. ಇಷ್ಟು ದಿನ ಯಾರಾದರೂ ಕರೆದು ಮಾತಾಡಿಸಲಿ ಎಂದು ಕಾದಿದ್ದವನಿಗೆ ಇಂದು ಕರೆ ಬಂದಿತ್ತು, ಇಂದೇ ಮಾತಾಡುವ ಹಾಗಿರಲಿಲ್ಲ.

ಮರದ ಹತ್ತಿರ ಬಂದಾಗ ಹಕ್ಕಿ ಕರ್ಕಶವಾಗಿ ಬೈಯುತ್ತ ತುದಿಯಿಂದ ತುದಿಗೆ ಹಾರಿತು. ಬರಿದಾದ ಒಂದು ಮುಳ್ಳನ್ನು ಹುಡುಕಿ ಅವನು ಮಿಡತೆಯನ್ನು ಒತ್ತಿದ. ಅದು ಹೊರಳಿತು. ಮುಳ್ಳು ಮೊದಲು ಅವನ ಹೆಬ್ಬೆರಳಿಗೆ ಹೊಕ್ಕಿತು, ಆಮೇಲೆ ಮಿಡತೆಯ ಹೊಟ್ಟೆಯ ಕೊನೆಗೆ. ತಲೆಕೆಳಗಾಗಿ ತೂಗಿತು. ಬೇಡಿಕೊಳ್ಳಲು ಕಣ್ಣು ಮುಚ್ಚಿದಾಗ ಅವನಿಗೆ ತನ್ನದೇ ಮಾತು ಬರಲಿಲ್ಲ. ಎಲ್ಲರೂ ಹೇಳುತ್ತಿದ್ದುದನ್ನೇ ಮನಸ್ಸಿನಲ್ಲಿ ಹೇಳಿದ: ಇದೊಂದು ನಿನ್ನ ಪಾಲು.

ಪಾಡ್ಯದ ಬೆಳಗ್ಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಕಂಬಳಿ ಹಾಸಿದ್ದರು, ಬಾಳೆಕಂಬ ಕಟ್ಟಿದ್ದರು. ಪಂಚರು ನಾಲ್ಕು ಮಂದಿ, ಹಾರೆ ಹಿಡಿದವರು ಇಬ್ಬರು. ಟ್ರ್ಯಾಕ್ಟರ್ ನಡೆಸಿಕೊಂಡು ಬಂದ ದಾದಾಸಾಹೇಬನಿಗೆ ಅವಸರ. ರುಕ್ಮವ್ವ ಆರತಿಯ ತಟ್ಟೆ ಹಿಡಿದು ಹಿಂದೆ ಬಂದಿದ್ದಳು. ಮುರಗೆಪ್ಪನ ಹೆಗಲಲ್ಲಿ ಭಂಡಾರದ ಚೀಲ ಒಡ್ಡೊಡ್ಡಾಗಿ ತೂಗುತ್ತಿತ್ತು. ಲಗಮಪ್ಪ ಕಟ್ಟೆಯ ಹತ್ತಿರ ಇರಲಿಲ್ಲ. ಎಲ್ಲರಿಗಿಂತ ಹಿಂದೆ, ಕೈ ಮುಗಿದುಕೊಂಡು ನಿಂತಿದ್ದ.

"ಮುಂದ ಬಾರೋ" ಎಂದ ಮುರಗೆಪ್ಪ.

"ಇಲ್ಲೇ ಛಲೋ ಐತ್ರಿ."

ಅವನ ಹೆಬ್ಬೆರಳಿಗೆ ಅರಿಷಿಣ ಮೆತ್ತಿದ ಬಟ್ಟೆ ಸುತ್ತಿತ್ತು. ಮುರಗೆಪ್ಪ ಅದನ್ನು ನೋಡಿದ. ಆಮೇಲೆ ಏನೋ ನೆನಪಾದವನಂತೆ ಮರದ ಹಿಂದಕ್ಕೆ ಹೋದ. ಬಹಳ ಹೊತ್ತು ಬರಲಿಲ್ಲ. ದಾದಾಸಾಹೇಬ, "ಏನ್ರಿ ಕಾಕಾ, ಎಬ್ಬಸೂದಲ್ಲೇನ್ರಿ?" ಎಂದು ಹಿಂದೆಯೇ ಹೋದ.

"ಹರಕಿ ಐತಿ" ಎಂದ ಮುರಗೆಪ್ಪ.

"ಹಕ್ಕೀದು ಅಂದಿದ್ರಲ್ರಿ ನೀವ?"

"ಉಳದಾವೆಲ್ಲ ಹಕ್ಕೀವು. ಇದೊಂದು ನೋಡು. ಹಕ್ಕಿ ಕುತ್ತಿಗಿಗೆ ಚುಚ್ಚತೈತಿ, ಸೂಜ್ಯಾಗ ದಾರ ಪೋಣಸಿದಂಗ. ಇದು ಬಾಲಕ್ಕ ಚುಚ್ಚೈತಿ, ತಲಿಕೆಳಗ. ಇಷ್ಟ ಹೊಲಸ ಕೆಲಸ ಮನಿಷಾನ ಮಾಡಬೇಕು."

"ಯಾರರೀ ಹಂಗಾದ್ರ?"

ಮುರಗೆಪ್ಪ ಜನರ ತಲೆಗಳ ಮೇಲಿಂದ ಹಿಂದೆ ನಿಂತವನ ಕಡೆ ಒಮ್ಮೆ ನೋಡಿದ. ಲಗಮಪ್ಪ ನೆಲ ನೋಡುತ್ತಿದ್ದ.

"ಅದು ಗುಟ್ಟು" ಎಂದ ಮುರಗೆಪ್ಪ. "ಸುಗ್ಗೀತನಕ ಕೇಳೂ ಹಂಗಿಲ್ಲ. ಆ ಹಾರೆಗಳನ್ನ ಟ್ರೇಲರಿನ್ಯಾಗ ಇಡ್ರಿ."

ಗೊಣಗಾಟ ಎದ್ದಿತು. ಸುಗ್ಗಿಯಾದ ಮೇಲೆ ಏನು ಎಂದು ಒಬ್ಬ ಕೇಳಿದ, ಆಗ ನೋಡೋಣ ಎಂದು ಇನ್ನೊಬ್ಬ ಅಂದ. ಪೂಜೆ ಯಾರು ಮಾಡುವುದು ಎಂದು ದಾದಾಸಾಹೇಬ ಕೇಳಿದ. ರುಕ್ಮವ್ವ ಆರತಿಯ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, "ಚೀಲಾ ಹೆಗಲಿಗೆ ಹಾಕ್ಕೊಂಡೀರಿ, ಗಾಡೀನೂ ಐತಿ. ದಿನಾ ಬರ್ರಿ" ಎಂದಳು.

ಮುರಗೆಪ್ಪ ದೇವರಿಗೆ ಆರತಿ ಎತ್ತಿದ. ಗಂಟೆಯನ್ನು ತಪ್ಪು ಕೈಯಲ್ಲಿ ಹಿಡಿದಿದ್ದ. ಆಮೇಲೆ ಚೀಲದಲ್ಲಿ ಬೆರಳು ಅದ್ದಿ ಒಬ್ಬೊಬ್ಬರ ಹಣೆಗೂ ಭಂಡಾರ ಹಚ್ಚುತ್ತ ಬಂದು, ಕೊನೆಯಲ್ಲಿ ಲಗಮಪ್ಪನ ಮುಂದೆ ನಿಂತ. ಲಗಮಪ್ಪ ಟೊಪ್ಪಿಗೆ ತೆಗೆದು ತಲೆ ಬಾಗಿಸಿದ.

ದ್ರಾಕ್ಷಿಯ ಬಳ್ಳಿ ಕತ್ತರಿಸಿ ಒರಟಾದ ಬೆರಳು ಹಣೆಯ ಈ ಕೊನೆಯಿಂದ ಆ ಕೊನೆಯವರೆಗೆ ನಿಧಾನವಾಗಿ ಭಂಡಾರ ಎಳೆಯಿತು. ತಂದೆ ತೀರಿಕೊಂಡ ಮೇಲೆ ದಿನಾ ತನ್ನ ಹಣೆಗೆ ತಾನೇ ಭಂಡಾರ ಹಚ್ಚಿಕೊಂಡವನು ಅವನು. ಇನ್ನೊಬ್ಬರ ಬೆರಳು ಅಲ್ಲಿಗೆ ತಾಗಿ ಎಷ್ಟು ಕಾಲವಾಗಿತ್ತೋ ಲೆಕ್ಕವಿಲ್ಲ. ಮುರಗೆಪ್ಪ ಕೈ ತೆಗೆದು, ಚೀಲದ ಬಾಯಿ ಬಿಗಿದು, ಬೈಕ್ ಕಡೆಗೆ ಹೋದ ಮೇಲೂ ಲಗಮಪ್ಪ ತಲೆ ಎತ್ತಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಗೆಯೇ ನಿಂತಿದ್ದ.